ಮುದ್ರೆಯಿಲ್ಲದ ತಕ್ಕಡಿ: ತೆರಿಗೆ ಪೋರ್ಟಲ್‌ಗಳ ಒಂದು ವಿಮರ್ಶೆ

ವ್ಯಾಪಾರವು ವಿಶ್ವಾಸವನ್ನೇ ಬಂಡವಾಳವಾಗಿ ಉಳ್ಳ ವೃತ್ತಿ. ಆ ವಿಶ್ವಾಸವು ನಿಂತಿರುವುದು ತೂಕ ಮತ್ತು ಅಳತೆಗಳ ಮೇಲೆ. ಆದುದರಿಂದಲೇ ಪೂರ್ವಾಚಾರ್ಯರು ಗೃಹಸ್ಥನ ಅಚೌರ್ಯಾಣುವ್ರತಕ್ಕೆ ಬರುವ ಅತಿಚಾರಗಳನ್ನು ಎಣಿಸುವಾಗ, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನೂ ಅವುಗಳ ಸಾಲಿನಲ್ಲಿಯೇ ಸೇರಿಸಿದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದಕ್ಕೆ ಸ್ಥಾನ ದೊರೆತಿದೆ. ಕೊಳ್ಳುವಾಗ ಒಂದು ಕೊಳಗ, ಮಾರುವಾಗ ಮತ್ತೊಂದು ಕೊಳಗ ಇಟ್ಟುಕೊಂಡವನು ಯಾರ ಮನೆಗೂ ಕನ್ನ ಹಾಕದಿರಬಹುದು. ಆದರೂ ಅವನ ವ್ರತಕ್ಕೆ ಕಳಂಕ ತಟ್ಟದೆ ಬಿಡುವುದಿಲ್ಲ.

ಶಾಸ್ತ್ರವು ಧರ್ಮದೃಷ್ಟಿಯಿಂದ ಹೇಳಿದ ಈ ಮಾತನ್ನು ರಾಜ್ಯವು ಕಾನೂನಿನ ದೃಷ್ಟಿಯಿಂದಲೂ ಒಪ್ಪಿಕೊಂಡಿದೆ. ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆಯಂತಹ ಊರಿನಲ್ಲಿ ಅಡಿಕೆ, ಕೊಬ್ಬರಿ ಕೊಳ್ಳುವ ಸಣ್ಣ ವರ್ತಕನೂ ತನ್ನ ತಕ್ಕಡಿಯನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯ ಅಧಿಕಾರಿಗೆ ತೋರಿಸಿ, ಪರೀಕ್ಷೆ ಮಾಡಿಸಿ, ಮುದ್ರೆ ಹಾಕಿಸಿಕೊಳ್ಳಬೇಕು. 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮ ಮತ್ತು 2011ರ ನಿಯಮಗಳ ಪ್ರಕಾರ ಬೊಟ್ಟು ಕಲ್ಲುಗಳಿಗೂ ತೊಲೆ ತಕ್ಕಡಿಗೂ ಎರಡು ವರ್ಷಕ್ಕೊಮ್ಮೆ, ವಿದ್ಯುನ್ಮಾನ ತಕ್ಕಡಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ನಡೆಯಬೇಕು. ಮುದ್ರೆಯಿಲ್ಲದ ತಕ್ಕಡಿಯಲ್ಲಿ ತೂಗಿದವನು ದಂಡಕ್ಕೆ ಗುರಿಯಾಗುತ್ತಾನೆ. ತೂಕ ಸರಿಯಾಗಿಯೇ ಇತ್ತೆಂಬ ವಾದವು ಅವನನ್ನು ಉಳಿಸುವುದಿಲ್ಲ. ಇದು ನ್ಯಾಯವಾದ ಕಟ್ಟಳೆಯೇ ಸರಿ. ಒಬ್ಬನ ಉಪಕರಣದ ಮೇಲೆ ಮತ್ತೊಬ್ಬನ ಹಿತವು ಅವಲಂಬಿಸಿದ್ದರೆ, ಆ ಉಪಕರಣವನ್ನು ಮೂರನೆಯವನೊಬ್ಬನು ಪರೀಕ್ಷಿಸಲೇಬೇಕು.

ಇದೇ ವರ್ತಕನು ಇಂದು ಮತ್ತೊಂದು ತಕ್ಕಡಿಯ ಮುಂದೆ ತಾನೇ ನಿಲ್ಲಬೇಕಾಗಿದೆ. ಸರಕು ಮತ್ತು ಸೇವಾ ತೆರಿಗೆಯ ಪೋರ್ಟಲ್, ಆದಾಯ ತೆರಿಗೆಯ ಪೋರ್ಟಲ್ ಇವೆರಡೂ ಅವನ ವ್ಯವಹಾರವನ್ನು ತೂಗಿ ನೋಡುವ ತಕ್ಕಡಿಗಳು. ಇಲ್ಲಿ ಬೇರೆ ಅಂಗಡಿಗೆ ಹೋಗುವ ಆಯ್ಕೆಯಿಲ್ಲ. ಕಾಗದದ ಮೇಲೆ ಬರೆದುಕೊಟ್ಟರೆ ಸ್ವೀಕರಿಸುವವರಿಲ್ಲ. ಬಳಕೆ ಕಡ್ಡಾಯವಾದ ಮೇಲೆ ಉಪಕರಣದ ಹೊಣೆಯೂ ಅಷ್ಟೇ ದೊಡ್ಡದಾಗಬೇಕಲ್ಲವೇ? ಈ ಪೋರ್ಟಲ್‌ಗಳು ಬದಲಾವಣೆಗಳನ್ನು ತರುವ ರೀತಿಯನ್ನೂ ಬಳಕೆದಾರರ ಅಹವಾಲುಗಳನ್ನು ಸ್ವೀಕರಿಸುವ ರೀತಿಯನ್ನೂ ನೋಡಿದರೆ, ಆ ಹೊಣೆಯು ಬಹುಮಟ್ಟಿಗೆ ಬಳಸುವವನ ಹೆಗಲಿಗೇ ಜಾರಿಬಿದ್ದಿರುವುದು ಕಾಣುತ್ತದೆ.

ಆದಾಯ ತೆರಿಗೆಯ ಹೊಸ ಪೋರ್ಟಲಿನ ಕಥೆಯು ಇದಕ್ಕೆ ಸ್ಪಷ್ಟವಾದ ನಿದರ್ಶನ. 2019ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಸುಮಾರು 4,242 ಕೋಟಿ ರೂಪಾಯಿಗಳ ವೆಚ್ಚಕ್ಕೆ ಒಪ್ಪಿಗೆ ನೀಡಿತು. ನಿರ್ಮಾಣದ ಹೊಣೆಯನ್ನು ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆ ವಹಿಸಿಕೊಂಡಿತು. 2021ರ ಜೂನ್ 7ರಂದು ಹೊಸ ಪೋರ್ಟಲ್ ತೆರೆಯಿತು. ಮರುದಿನವೇ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅವರು ಬಳಕೆದಾರರ ದೂರುಗಳನ್ನು ಸಂಸ್ಥೆಯ ಗಮನಕ್ಕೆ ಬಹಿರಂಗವಾಗಿಯೇ ತರಬೇಕಾಯಿತು. ಆಗಸ್ಟ್ ತಿಂಗಳಿನಲ್ಲಿ ಪೋರ್ಟಲ್ ಎರಡು ದಿನ ಲಭ್ಯವೇ ಇರಲಿಲ್ಲ. ಆಗಸ್ಟ್ 23ರಂದು ಸಂಸ್ಥೆಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯನ್ನು ಕರೆಸಿ, ಸೆಪ್ಟೆಂಬರ್ 15ರೊಳಗೆ ತೊಂದರೆಗಳನ್ನು ನಿವಾರಿಸುವಂತೆ ತಿಳಿಸಲಾಯಿತು. ಆ ವರ್ಷ ರಿಟರ್ನ್ ಸಲ್ಲಿಸುವ ಗಡುವು ಸೆಪ್ಟೆಂಬರ್ 30ಕ್ಕೆ, ಅಲ್ಲಿಂದ ಡಿಸೆಂಬರ್ 31ಕ್ಕೆ ಮುಂದೆ ಹೋಯಿತು.

ಪೋರ್ಟಲ್ ನಿಂತುಹೋದುದಕ್ಕಿಂತಲೂ ಗಂಭೀರವಾದ ಸಂಗತಿ ಇನ್ನೊಂದಿದೆ. ಗಡುವು ಮುಂದೆ ಹೋಗಿದ್ದರೂ ತಂತ್ರಾಂಶವು ಕೆಲವರ ರಿಟರ್ನ್‌ಗಳಲ್ಲಿ ವಿಳಂಬ ಶುಲ್ಕವನ್ನೂ ಬಡ್ಡಿಯನ್ನೂ ತಾನಾಗಿಯೇ ಸೇರಿಸುತ್ತಿತ್ತು. ಆ ದೋಷವನ್ನು 2021ರ ಆಗಸ್ಟ್ 1ರಂದು ಸರಿಪಡಿಸಲಾಗಿದೆಯೆಂದು ಇಲಾಖೆಯೇ ಅದೇ ತಿಂಗಳ 11ರಂದು ತಿಳಿಸಿತು. ತಪ್ಪಾಗಿ ಕಟ್ಟಿದ ಹಣವನ್ನು ಹಿಂದಿರುಗಿಸುವ ಭರವಸೆಯೂ ದೊರೆಯಿತು. ಇಲಾಖೆಯು ದೋಷವನ್ನು ಒಪ್ಪಿಕೊಂಡುದು ಮೆಚ್ಚತಕ್ಕ ನಡೆ. ಆದರೆ ಪ್ರಶ್ನೆಯೊಂದು ಉಳಿಯುತ್ತದೆ. ವರ್ತಕನೊಬ್ಬನ ತಕ್ಕಡಿಯು ಹೀಗೆ ಹೆಚ್ಚು ತೂಕ ತೋರಿಸಿದ್ದರೆ, ಹೆಚ್ಚಾಗಿ ಪಡೆದುದನ್ನು ಹಿಂದಿರುಗಿಸಿದ ಮಾತ್ರಕ್ಕೆ ಅವನನ್ನು ಬಿಟ್ಟುಬಿಡುತ್ತಿದ್ದರೇ?

ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದಿತು. ಮೊದಲನೆಯ ರಿಟರ್ನ್ ಸಲ್ಲಿಸಬೇಕಾದ ಹೊತ್ತಿಗೇ ಪೋರ್ಟಲ್ ಕುಸಿದು, ಆಗಸ್ಟ್ 20ರ ಗಡುವು 25ಕ್ಕೆ ಹೋಯಿತು. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದಿದ್ದ ಜಮೆಯನ್ನು ಹೊಸ ಪದ್ಧತಿಗೆ ತಂದುಕೊಳ್ಳಲು ಟ್ರಾನ್-1 ಎಂಬ ನಮೂನೆಯನ್ನು 2017ರ ಡಿಸೆಂಬರ್ 27ರೊಳಗೆ ಸಲ್ಲಿಸಬೇಕಾಗಿತ್ತು. ಪೋರ್ಟಲಿನ ತೊಡಕಿನಿಂದ ಸಲ್ಲಿಸಲಾಗದೆ ಹೋದವರ ಅಹವಾಲಿಗಾಗಿ 2018ರ ಏಪ್ರಿಲ್ 3ರ ಸುತ್ತೋಲೆಯ ಮೂಲಕ ಒಂದು ವ್ಯವಸ್ಥೆ ಏರ್ಪಟ್ಟಿತು. ಅಲ್ಲಿ ವರ್ತಕನು ತಾನು ಪ್ರಯತ್ನಿಸಿದ್ದು ನಿಜವೆಂದೂ, ಕೈಕೊಟ್ಟಿದ್ದು ಪೋರ್ಟಲೇ ಎಂದೂ ಸಾಧಿಸಿ ತೋರಿಸಬೇಕಿತ್ತು. ಆ ಪ್ರಯತ್ನದ ಗುರುತು ಪೋರ್ಟಲಿನ ದಾಖಲೆಗಳಲ್ಲಿ ಇದೆಯೇ ಎಂದು ನೋಡಲಾಗುತ್ತಿತ್ತು. ಯಾರ ಮೇಲೆ ದೂರಿದೆಯೋ ಅವರ ಕೈಯಲ್ಲಿಯೇ ಸಾಕ್ಷ್ಯವೂ ಇದ್ದಂತಾಯಿತು. ಪುಟವನ್ನು ತೆರೆಯಲಿಕ್ಕೇ ಆಗದವನ ಗುರುತು ಆ ದಾಖಲೆಯಲ್ಲಿ ಉಳಿಯುವುದು ಹೇಗೆ?

ಹೀಗೆ ಅನೇಕ ವರ್ತಕರು ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. 2018ರ ಫೆಬ್ರವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು, ಪೋರ್ಟಲ್ ಸುಲಭವಾಗಿ ತೆರೆದುಕೊಳ್ಳದಿದ್ದರೆ ಸಂಸತ್ತಿನ ವಿಶೇಷ ಅಧಿವೇಶನಗಳಿಂದ ತೆರಿಗೆದಾರನಿಗೆ ಪ್ರಯೋಜನವಿಲ್ಲವೆಂಬ ಅರ್ಥದ ಕಟುವಾದ ಮಾತನ್ನಾಡಿತು. ಕಡೆಗೆ ಸರ್ವೋಚ್ಚ ನ್ಯಾಯಾಲಯದ 2022ರ ಜುಲೈ 22ರ ಆದೇಶದಂತೆ, ಆ ವರ್ಷದ ಅಕ್ಟೋಬರ್ 1ರಿಂದ ನವೆಂಬರ್ 30ರವರೆಗೆ ಎರಡು ತಿಂಗಳ ಕಾಲ ಪೋರ್ಟಲನ್ನು ಎಲ್ಲರಿಗೂ ಮತ್ತೆ ತೆರೆಯಲಾಯಿತು. ಒಂದು ನಮೂನೆಯ ಬಾಗಿಲು ತೆರೆಯಲು ಸುಮಾರು ಐದು ವರ್ಷ ಹಿಡಿಯಿತು. ದೊಡ್ಡ ಉದ್ಯಮಗಳು ಅಷ್ಟು ಕಾಲ ಕಾಯಬಲ್ಲವು. ದುಡಿಯುವ ಬಂಡವಾಳವೆಲ್ಲ ಆ ಜಮೆಯಲ್ಲಿಯೇ ಸಿಕ್ಕಿಕೊಂಡ ಸಣ್ಣ ವರ್ತಕನು ಕಾಯುವುದು ಹೇಗೆ?

ಬಸದಿ ಹಾಗೂ ಧರ್ಮಸಂಸ್ಥೆಗಳ ವಿಶ್ವಸ್ಥರಿಗೆ ಇದು ವರ್ತಕರ ಗೋಳು ಮಾತ್ರವೆಂದು ತೋರಬಾರದು. 2020ರ ಹಣಕಾಸು ಅಧಿನಿಯಮದ ಫಲವಾಗಿ, ಮೊದಲೇ ನೋಂದಣಿ ಪಡೆದಿದ್ದ ಧರ್ಮಾರ್ಥ ಸಂಸ್ಥೆಗಳೆಲ್ಲವೂ ಪೋರ್ಟಲಿನಲ್ಲಿ 10ಎ ನಮೂನೆಯನ್ನು ಸಲ್ಲಿಸಿ ಹೊಸದಾಗಿ ನೋಂದಣಿ ಪಡೆಯಬೇಕಾಯಿತು. ಅದರ ಗಡುವುಗಳ ಪಟ್ಟಿಯನ್ನು ನೋಡಿದರೆ ಸಾಕು: 2021ರ ಜೂನ್ 30, 2021ರ ಆಗಸ್ಟ್ 31, 2022ರ ಮಾರ್ಚ್ 31, 2022ರ ನವೆಂಬರ್ 25, 2023ರ ಸೆಪ್ಟೆಂಬರ್ 30, ಕೊನೆಗೆ 2024ರ ಜೂನ್ 30. ಐದು ಬಾರಿ ವಿಸ್ತರಣೆ. ಎರಡನೆಯ ವಿಸ್ತರಣೆಯ ಸುತ್ತೋಲೆಯು ವಿದ್ಯುನ್ಮಾನ ಸಲ್ಲಿಕೆಯಲ್ಲಿನ ತೊಂದರೆಗಳನ್ನು ಕಾರಣವಾಗಿ ಹೇಳಿದೆ. 2022ರ ಮಾರ್ಚ್ 31ಕ್ಕೆ ಮುಗಿದುಹೋಗಿದ್ದ ಗಡುವಿಗೆ ಜೀವ ಬಂದದ್ದು ನವೆಂಬರ್ 1ರಂದು, ಏಳು ತಿಂಗಳ ಮೇಲೆ. ಈ ನಡುವೆ ಗಡುವು ತಪ್ಪಿತೆಂದು ಹೆದರಿದ ಕೆಲವು ಸಂಸ್ಥೆಗಳು, ತಾವು ಹೊಸದಾಗಿ ಹುಟ್ಟಿದ ಸಂಸ್ಥೆಗಳೆಂಬಂತೆ ಅರ್ಜಿ ಹಾಕಿ ತಾತ್ಕಾಲಿಕ ನೋಂದಣಿ ಪಡೆದಿದ್ದವು. ಅಂಥವರು ಅದನ್ನು ಒಪ್ಪಿಸಿ ಹಳೆಯ ಸಂಸ್ಥೆಯಾಗಿಯೇ ಮತ್ತೆ ಅರ್ಜಿ ಹಾಕಬಹುದೆಂದು 2024ರ ಏಪ್ರಿಲ್ 25ರ ಸುತ್ತೋಲೆ ತಿಳಿಸಬೇಕಾಯಿತು.

ವಿಸ್ತರಣೆ ದೊರೆತುದರಿಂದ ಅನೇಕ ಸಂಸ್ಥೆಗಳು ಉಳಿದವು, ನಿಜ. ಆದರೆ ಗಡುವು ತಪ್ಪಿದರೆ ಬರುವ ವಿಪತ್ತು ಸಣ್ಣದಲ್ಲ. 2023ರ ತಿದ್ದುಪಡಿಯಂತೆ, ಸಕಾಲದಲ್ಲಿ ಅರ್ಜಿ ಹಾಕದ ಸಂಸ್ಥೆಯು ತನ್ನ ಆಸ್ತಿಯ ಪೇಟೆ ಬೆಲೆಯಲ್ಲಿ ಹೊಣೆಗಾರಿಕೆಗಳನ್ನು ಕಳೆದು ಉಳಿಯುವ ಮೊತ್ತದ ಮೇಲೆ ಗರಿಷ್ಠ ದರದಲ್ಲಿ ತೆರಿಗೆ ತೆರಬೇಕಾಗಬಹುದು. ತಲೆಮಾರುಗಳ ದಾನದಿಂದ ಬೆಳೆದ ಬಸದಿಯ ಆಸ್ತಿಯು, ಮುಚ್ಚಿಕೊಂಡ ಒಂದು ಪುಟದ ಕಾರಣದಿಂದ ತೆರಿಗೆಯ ಪಾಲಾಗುವ ಸ್ಥಿತಿಯನ್ನು ಊಹಿಸಿದರೆ ಎದೆ ನಡುಗುತ್ತದೆ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವು 2024ರ ಅಕ್ಟೋಬರ್ 1ರಿಂದ ಆಯುಕ್ತರಿಗೆ ದೊರೆತಿರುವುದು ಸಮಾಧಾನದ ಸಂಗತಿ. ಈ ವಿವೇಕವು ಮೊದಲ ದಿನವೇ ಕಾನೂನಿನಲ್ಲಿ ಇರಬೇಕಿತ್ತು.

ಅಹವಾಲಿನ ಮಾತಿಗೆ ಬರೋಣ. ತೊಂದರೆಯಾದವನು ಪೋರ್ಟಲಿನಲ್ಲಿ ದೂರು ಬರೆದರೆ ಅದಕ್ಕೊಂದು ಸಂಖ್ಯೆ ಸಿಗುತ್ತದೆ. ಕೆಲವು ದಿನಗಳ ಮೇಲೆ ಬರುವ ಉತ್ತರವು ಅನೇಕ ವೇಳೆ ಎಲ್ಲರಿಗೂ ಒಂದೇ: ಗಣಕಯಂತ್ರದಲ್ಲಿ ಉಳಿದ ಹಳೆಯ ಕಡತಗಳನ್ನು ಅಳಿಸಿ ಮತ್ತೆ ಪ್ರಯತ್ನಿಸಿ, ಇಪ್ಪತ್ತನಾಲ್ಕು ಗಂಟೆಗಳ ಅನಂತರ ನೋಡಿ. ಆಮೇಲೆ ದೂರು ಮುಕ್ತಾಯವಾಯಿತೆಂಬ ಸೂಚನೆ. ದೂರು ಮುಗಿಯುತ್ತದೆ, ತೊಂದರೆ ಮುಗಿಯುವುದಿಲ್ಲ. ಅತ್ತ ವಿಳಂಬ ಶುಲ್ಕದ ಗಡಿಯಾರವು ಮಾತ್ರ ನಿಲ್ಲದೆ ನಡೆಯುತ್ತಿರುತ್ತದೆ. ಮಾಸಿಕ ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ, ವ್ಯವಹಾರವೇ ಇಲ್ಲದಿದ್ದರೂ ದಿನಕ್ಕೆ 20 ರೂಪಾಯಿ. ತಡವಾದುದು ವರ್ತಕನಿಂದಲೋ ಪೋರ್ಟಲಿನಿಂದಲೋ ಎಂಬ ವಿವೇಚನೆಯು ಆ ಗಡಿಯಾರಕ್ಕಿಲ್ಲ.

ಬಳಕೆದಾರರ ಮಾತಿಗೆ ಎಂದೂ ಕಿವಿಗೊಡಲಿಲ್ಲವೆಂದು ಹೇಳಿದರೆ ಅಸತ್ಯವಾದೀತು. ಮಾರಾಟದ ವಿವರ ಸಲ್ಲಿಸುವ ಜಿಎಸ್‌ಟಿಆರ್-1ರಲ್ಲಿ ಆದ ತಪ್ಪನ್ನು ಅದೇ ತಿಂಗಳು ತಿದ್ದಲು ಅವಕಾಶ ಬೇಕೆಂದು ವರ್ತಕರು ಬಹುಕಾಲ ಕೇಳಿದ್ದರು. ಜಿಎಸ್‌ಟಿಆರ್-1ಎ ಎಂಬ ನಮೂನೆಯ ಮೂಲಕ 2024ರ ಆಗಸ್ಟ್‌ನಿಂದ ಅದು ದೊರೆಯಿತು. ಕೇಳಿದ್ದು ಸಿಕ್ಕಿತು, ಏಳು ವರ್ಷಗಳ ಮೇಲೆ.

ಅನೇಕಾಂತದ ದೃಷ್ಟಿಯುಳ್ಳವರು ಇನ್ನೊಂದು ಪಕ್ಷವನ್ನೂ ನೋಡಬೇಕು. ಕೋಟಿಗಟ್ಟಲೆ ಜನ ಒಂದೇ ಬಾಗಿಲಿನಿಂದ ನುಗ್ಗುವಾಗ ಬಾಗಿಲು ಕಾಯುವವನ ಕಷ್ಟವೂ ನಿಜವಾದುದೇ. 2024ರ ಜುಲೈ 31ರವರೆಗೆ ಸಲ್ಲಿಕೆಯಾದ 7.28 ಕೋಟಿ ಆದಾಯ ತೆರಿಗೆ ರಿಟರ್ನ್‌ಗಳಲ್ಲಿ ಸುಮಾರು 70 ಲಕ್ಷವು ಬಂದದ್ದು ಕೊನೆಯ ಆ ಒಂದೇ ದಿನ. ಕೊನೆಯ ರಾತ್ರಿಯವರೆಗೆ ಕಾಯುವ ಆಲಸ್ಯವು ತೆರಿಗೆದಾರರದು. ಕಾನೂನನ್ನು ಪದೇಪದೇ ಬದಲಿಸುವವರು ತಂತ್ರಾಂಶ ಬರೆಯುವವರಲ್ಲ, ಸರಕಾರ. ಇವೆಲ್ಲವನ್ನೂ ಒಪ್ಪಿಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಕೊನೆಯ ದಿನ ಜನ ಸೇರುವರೆಂಬುದು ಪ್ರತಿವರ್ಷವೂ ತಿಳಿದಿರುವ ವಿಷಯ. ತಿಳಿದೂ ಸಿದ್ಧತೆ ಮಾಡಿಕೊಳ್ಳದಿರುವುದನ್ನು ಶಾಸ್ತ್ರವು ಪ್ರಮಾದವೆಂದು ಕರೆಯುತ್ತದೆ. ಪ್ರಮಾದದಿಂದ ಪರರಿಗೆ ಪೀಡೆಯಾದರೆ ಅದನ್ನು ಕೇವಲ ಆಕಸ್ಮಿಕವೆಂದು ತಳ್ಳಿಹಾಕಲಾಗದು.

ದೋಷವಿಲ್ಲದ ಯಂತ್ರವನ್ನು ಯಾರೂ ಕೇಳುತ್ತಿಲ್ಲ. ದೋಷವಾದಾಗ ಅದರ ಭಾರವನ್ನು ಹೊರುವವರಾರೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಗಡುವನ್ನು ಮುಂದೂಡುವುದು ಒಂದು ಬಗೆಯ ತಪ್ಪೊಪ್ಪಿಗೆಯೇ. ಆದರೆ ಅದು ಆಲೋಚನೆಯೂ ಅಲ್ಲ, ಪ್ರತಿಕ್ರಮಣವೂ ಅಲ್ಲ. ಆಲೋಚನೆಯಲ್ಲಿ ದೋಷವನ್ನು ಮರೆಮಾಚದೆ ಹೇಳಿಕೊಳ್ಳಬೇಕು. ಪ್ರತಿಕ್ರಮಣದಲ್ಲಿ ಅದರಿಂದ ಹಿಂದೆ ಸರಿಯಬೇಕು. ಸುತ್ತೋಲೆಯಲ್ಲಿ ಹೊಸ ದಿನಾಂಕವಿರುತ್ತದೆ. ಯಾವ ದೋಷ, ಏಕೆ ಆಯಿತು, ಮತ್ತೆ ಆಗದಂತೆ ಏನು ಮಾಡಲಾಗಿದೆ ಎಂಬ ವಿವರವಿರುವುದು ಅಪರೂಪ. 2025ರಲ್ಲಿ ಇದರ ಎರಡು ಮುಖಗಳೂ ಕಂಡವು. ನಮೂನೆಗಳ ಬದಲಾವಣೆಗೆ ಸಿದ್ಧತೆ ಬೇಕೆಂದು ಮೇ 27ರಂದೇ ತಿಳಿಸಿ ರಿಟರ್ನ್ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದು ಒಳ್ಳೆಯ ಮಾದರಿ. ಆ ಸೆಪ್ಟೆಂಬರ್ 15ರ ರಾತ್ರಿಯೇ ಇನ್ನೊಂದು ದಿನವನ್ನು ಸೇರಿಸಬೇಕಾಗಿ ಬಂದದ್ದು ಹಳೆಯ ಚಾಳಿ.

ಆಗಬೇಕಾದುದು ಅಸಾಧ್ಯವಾದುದೇನಲ್ಲ. ಗಡುವಿನ ಹಿಂದಿನ ಒಂದು ತಿಂಗಳು ಪೋರ್ಟಲಿನಲ್ಲಿ ಯಾವ ಬದಲಾವಣೆಯನ್ನೂ ತರಬಾರದು. ಬದಲಾವಣೆಗೆ ಮೊದಲು ಸಣ್ಣ ಊರುಗಳ ವರ್ತಕರ ಮತ್ತು ಲೆಕ್ಕಪರಿಶೋಧಕರ ಕೈಯಲ್ಲಿ ಅದನ್ನು ಪರೀಕ್ಷಿಸಬೇಕು. ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಬರುವ ಸೂಚನೆಗಳು ಕನ್ನಡದಲ್ಲಿಯೂ ಬರಬೇಕು. ಪೋರ್ಟಲ್ ಮುಚ್ಚಿದ್ದ ದಿನಗಳನ್ನು ವಿಳಂಬ ಶುಲ್ಕದ ಲೆಕ್ಕದಿಂದ ತಾನಾಗಿಯೇ ಕಳೆಯುವಂತಾಗಬೇಕು. ಎಷ್ಟು ದೂರುಗಳು ಬಂದವು, ಎಷ್ಟು ನಿಜವಾಗಿ ಪರಿಹಾರವಾದವು ಎಂಬುದನ್ನು ಇಲಾಖೆಯ ಹೊರಗಿನವರು ಪರಿಶೀಲಿಸಿ ಪ್ರಕಟಿಸಬೇಕು. ತಕ್ಕಡಿಗೆ ಮುದ್ರೆ ಹಾಕುವ ರಾಜ್ಯವು ತನ್ನ ತಕ್ಕಡಿಗೂ ಮುದ್ರೆ ಹಾಕಿಸಿಕೊಳ್ಳಲಿ ಎಂಬುದಷ್ಟೇ ಇದರ ಸಾರ.

ವಿಶ್ವಸ್ಥ ಮಂಡಳಿಗಳಿಗೂ ಕರ್ತವ್ಯವಿದೆ. 2021ರಲ್ಲಿ ಐದು ವರ್ಷಗಳಿಗೆ ದೊರೆತ ನೋಂದಣಿಯ ಅವಧಿಯು 2026ರ ಮಾರ್ಚ್ 31ಕ್ಕೆ ಕೊನೆಯಾಗುವಂಥದು. ಅದರ ನವೀಕರಣದ ಅರ್ಜಿಗೆ 2025ರ ಸೆಪ್ಟೆಂಬರ್ 30 ಕೊನೆಯ ದಿನವಾಗಿತ್ತು. ತಮ್ಮ ಸಂಸ್ಥೆಯ ಅರ್ಜಿ ಹೋಗಿದೆಯೇ, ಆದೇಶ ಬಂದಿದೆಯೇ ಎಂಬುದನ್ನು ಪ್ರತಿಯೊಬ್ಬ ಧರ್ಮದರ್ಶಿಯೂ ಕಡತ ತೆಗೆಸಿ ಕಣ್ಣಾರೆ ನೋಡಬೇಕು. ಆಡಿಟರ್ ನೋಡಿಕೊಳ್ಳುತ್ತಾರೆಂಬ ಮಾತು ಸಾಲದು. ಪೋರ್ಟಲ್ ಕೈಕೊಟ್ಟ ದಿನ, ವೇಳೆ, ಪರದೆಯ ಮೇಲೆ ಕಂಡ ಪುಟದ ಚಿತ್ರ, ದೂರಿನ ಸಂಖ್ಯೆ ಇವುಗಳನ್ನು ಖಾತೆಯ ಪುಸ್ತಕದಷ್ಟೇ ಜೋಪಾನವಾಗಿ ಕಾಪಾಡಬೇಕು. ದೂರನ್ನು ಪರಿಹರಿಸದೆ ಮುಕ್ತಾಯಗೊಳಿಸಿದರೆ ಕೇಂದ್ರದ ಸಾರ್ವಜನಿಕ ಕುಂದುಕೊರತೆ ವ್ಯವಸ್ಥೆಯಾದ ಸಿಪಿಗ್ರಾಮ್ಸ್‌ನಲ್ಲಿ ದೂರಬಹುದು. 2024ರ ಆಗಸ್ಟ್‌ನ ಮಾರ್ಗಸೂಚಿಯು ಅಲ್ಲಿ ಪರಿಹಾರಕ್ಕೆ 21 ದಿನಗಳ ಮಿತಿ ಹಾಕಿದೆ, ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೂ ಅವಕಾಶವಿದೆ. ಒಬ್ಬೊಬ್ಬರಾಗಿ ಗೊಣಗಿಕೊಂಡು ಸುಮ್ಮನಾಗುವ ಬದಲು, ಒಂದು ಜಿಲ್ಲೆಯ ಬಸದಿಗಳ ವಿಶ್ವಸ್ಥರು ಸೇರಿ ತಮ್ಮ ತೊಂದರೆಗಳನ್ನು ದಿನಾಂಕಸಹಿತ ಪಟ್ಟಿಮಾಡಿ ಒಂದೇ ಮನವಿಯಾಗಿ ಸಲ್ಲಿಸಿದರೆ ಅದಕ್ಕೆ ತೂಕ ಹೆಚ್ಚು. ದೇವದ್ರವ್ಯವನ್ನು ಕಾಯುವ ಹೊಣೆ ಹೊತ್ತವರಿಗೆ ಈ ಶ್ರಮವೂ ಆ ಹೊಣೆಯ ಒಂದು ಭಾಗವೇ ಆಗಿದೆ.