ಮಾಯೆಯ ಸುಂಕದಕಟ್ಟೆ: ಬಾಲಕಥೆಯಲ್ಲಿ ಪದವಿನೋದ

ಮಾತಿನ ಆಟವನ್ನು ಪ್ರೌಢರ ವಿನೋದವೆಂದು ಬಗೆಯುವುದು ಲಾಕ್ಷಣಿಕರ ವಾಡಿಕೆ. ಶ್ಲೇಷ, ಯಮಕ, ಪ್ರಹೇಳಿಕೆಗಳಿಗೆ ಅಲಂಕಾರಗ್ರಂಥಗಳಲ್ಲಿ ಸ್ಥಾನವುಂಟು. ಆದರೆ ಅವನ್ನು ಸವಿಯತಕ್ಕವನು ಕೋಶವ್ಯಾಕರಣಗಳಲ್ಲಿ ಪಳಗಿದವನೇ ಹೊರತು, ಅವುಗಳನ್ನು ಇನ್ನೂ ಕಲಿಯಬೇಕಾಗಿರುವ ಬಾಲಕನಲ್ಲ. ಈ ಕ್ರಮವನ್ನು ತಲೆಕೆಳಗುಮಾಡಿ, ಪದವಿನೋದವನ್ನೇ ಪದಜ್ಞಾನದ ಬಾಗಿಲನ್ನಾಗಿಸಿದ ಗ್ರಂಥಗಳಲ್ಲಿ ಅಮೆರಿಕದ ನಾರ್ಟನ್ ಜಸ್ಟರನ ‘ದಿ ಫ್ಯಾಂಟಮ್ ಟೋಲ್‌ಬೂತ್’ ಎಂಬ ಕಥೆಯು ಗಣ್ಯವಾದುದು. ಜೂಲ್ಸ್ ಫೈಫರನ ರೇಖಾಚಿತ್ರಗಳೊಡನೆ 1961ರಲ್ಲಿ ಪ್ರಕಟವಾದ ಇದರ ಹೆಸರನ್ನು ‘ಮಾಯೆಯ ಸುಂಕದಕಟ್ಟೆ’ ಎಂದು ಕನ್ನಡಿಸಬಹುದು. ಗ್ರಂಥಕರ್ತನು (1929–2021) ವೃತ್ತಿಯಿಂದ ವಾಸ್ತುಶಿಲ್ಪಿ. ನಗರಗಳ ವಿಷಯವಾಗಿ ಮಕ್ಕಳಿಗೊಂದು ಪುಸ್ತಕವನ್ನು ರಚಿಸಲೆಂದು ಅವನಿಗೆ ಧನಸಹಾಯ ದೊರೆತಿತ್ತು. ಆ ಕೆಲಸದಿಂದ ನುಣುಚಿಕೊಳ್ಳುತ್ತ ಅವನು ಬರೆದದ್ದು ಈ ಕಥೆ. ನಗರವನ್ನು ಅವನು ಪೂರ್ತಿಯಾಗಿ ಬಿಟ್ಟನೆನ್ನುವಂತೆಯೂ ಇಲ್ಲ. ಇದರಲ್ಲಿ ಪದಗಳಿಗೊಂದು ಪಟ್ಟಣ, ಅಂಕಿಗಳಿಗೊಂದು ಪಟ್ಟಣ. ಎರಡನ್ನೂ ಆಳುವ ಅರಸರು ಅಣ್ಣತಮ್ಮಂದಿರು. ಪದವು ಹೆಚ್ಚೋ ಅಂಕಿಯು ಹೆಚ್ಚೋ ಎಂಬ ಜಗಳದಲ್ಲಿ, ಎರಡೂ ಸಮವೆಂದು ತೀರ್ಪಿತ್ತ ಇಬ್ಬರು ರಾಜಕುಮಾರಿಯರನ್ನು ಅವರು ಗಡೀಪಾರು ಮಾಡಿರುತ್ತಾರೆ. ಕಲಿಯುವುದೆಲ್ಲವೂ ವ್ಯರ್ಥಶ್ರಮವೆಂದು ನಂಬಿದ್ದ ಮೈಲೋ ಎಂಬ ಬಾಲಕನು ಆಟಿಕೆಯ ಸುಂಕದಕಟ್ಟೆಯನ್ನು ದಾಟಿ ಈ ರಾಜ್ಯಕ್ಕೆ ಬಂದು, ಆ ಕುಮಾರಿಯರನ್ನು ಬಿಡಿಸಿ ತರುವುದೇ ಕಥಾವಸ್ತು.

ಈ ಗ್ರಂಥದ ವಿನೋದವನ್ನು ಶ್ಲೇಷವೆಂದು ಕರೆದು ಸುಮ್ಮನಾಗುವವರು ಅದರ ಮರ್ಮವನ್ನು ಮುಟ್ಟಿದಂತಾಗದು. ಶ್ಲೇಷದಲ್ಲಿ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಜೊತೆಯಾಗಿ ನಿಲ್ಲುತ್ತವೆ. ಇಲ್ಲಿ ನಡೆಯುವುದು ಬೇರೆ. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ರೂಢಿಲಕ್ಷಣೆಗೆ ‘ಕುಶಲ’ ಶಬ್ದವನ್ನು ಉದಾಹರಿಸುತ್ತಾನೆ: ಕುಶವನ್ನು, ಎಂದರೆ ದರ್ಭೆಯನ್ನು, ತರುವವನೆಂಬುದು ಮುಖ್ಯಾರ್ಥ, ನಿಪುಣನೆಂಬುದು ರೂಢಿಯಿಂದ ಬಂದ ಅರ್ಥ. ವ್ಯುತ್ಪತ್ತಿಯ ನಿಮಿತ್ತ ಬೇರೆ, ಪ್ರಯೋಗದ ನಿಮಿತ್ತ ಬೇರೆ ಎಂದು ಹೇಳಿ ‘ಸಾಹಿತ್ಯದರ್ಪಣ’ಕಾರನಾದ ವಿಶ್ವನಾಥನು ಇದನ್ನು ಆಕ್ಷೇಪಿಸಿದನು. ವಾದದಲ್ಲಿ ಯಾರು ಗೆದ್ದರೂ ಒಂದು ಮಾತು ಉಳಿಯುತ್ತದೆ: ‘ಕುಶಲ’ನೆಂದಾಗ ಕೇಳುವವನಿಗೆ ದರ್ಭೆಯ ನೆನಪಾಗುವುದಿಲ್ಲ. ಜಸ್ಟರನು ಮಾಡುವ ಕೆಲಸವೆಂದರೆ ಆ ಕುಶಲನನ್ನು ಮತ್ತೆ ದರ್ಭೆ ಕೊಯ್ಯಲು ಕಳುಹಿಸಿ, ಅವನ ಬೆರಳಿನಲ್ಲಿ ರಕ್ತ ಬರಿಸುವುದು. ಸವೆದುಹೋದ ನುಡಿಗಟ್ಟಿಗೆ ಅದರ ಮೊದಲ ಅರ್ಥವನ್ನು ಹಿಂದಿರುಗಿಸಿ, ಅದಕ್ಕೆ ಮೈಕೈಗಳನ್ನು ಕೊಡುತ್ತಾನೆ. ಬಾಲಕನಿಗೆ ಇದು ಪ್ರೌಢಿಮೆಯಲ್ಲ. ರೂಢಿಯು ಇನ್ನೂ ಗಟ್ಟಿಯಾಗಿ ಹಿಡಿಯದ ವಯಸ್ಸಿನಲ್ಲಿ ಅವನು ಸಹಜವಾಗಿ ಕೇಳಿಕೊಳ್ಳುವುದೇ ಈ ಮೊದಲ ಅರ್ಥವನ್ನು.

ಕಥೆಯ ನಾಯಿಯಾದ ಟಾಕ್‌ನನ್ನು ನೋಡಬಹುದು. ಇಂಗ್ಲಿಷಿನಲ್ಲಿ ಕಾವಲುನಾಯಿಗೆ ‘ವಾಚ್‌ಡಾಗ್’ ಎಂದು ಹೆಸರು. ‘ವಾಚ್’ ಎಂದರೆ ಗಡಿಯಾರವೂ ಹೌದು. ಆದುದರಿಂದ ಈ ನಾಯಿಯ ಒಡಲೇ ಅಲಾರಂ ಗಡಿಯಾರ. ಇಷ್ಟಕ್ಕೆ ನಿಂತಿದ್ದರೆ ಅದು ಶ್ಲೇಷದ ಒಂದು ಚಿತ್ರವಾಗಿ ಮುಗಿಯುತ್ತಿತ್ತು. ಆದರೆ ಹೊತ್ತನ್ನು ಸುಮ್ಮನೆ ಕಳೆಯುವುದಕ್ಕೆ ಆ ಭಾಷೆಯಲ್ಲಿ ಕಾಲವನ್ನು ಕೊಲ್ಲುವುದೆಂಬ ರೂಢಿಯುಂಟು. ಹುಡುಗನ ಬಾಯಿಂದ ಆ ಮಾತು ಬಿದ್ದೊಡನೆ ನಾಯಿಯು ಕೊಲೆಯ ಸುದ್ದಿಯನ್ನು ಕೇಳಿದಂತೆ ಕೆರಳಿ, ಅದರ ಒಡಲಿನ ಗಂಟೆ ಬಡಿದುಕೊಳ್ಳುತ್ತದೆ. ಕಥೆಯ ಕೊನೆಯಲ್ಲಿ ಕೋಟೆಯಿಂದ ಕೆಳಗಿಳಿಯಲು ದಾರಿಯಿಲ್ಲದಾಗ, ಕಾಲವು ಹಾರುತ್ತದೆಂಬ ಇನ್ನೊಂದು ರೂಢಿಯ ಬಲದಿಂದ ಅದೇ ನಾಯಿಯು ಎಲ್ಲರನ್ನೂ ಹೊತ್ತು ಹಾರಿಬಿಡುತ್ತದೆ. ನುಡಿಗಟ್ಟು ಇಲ್ಲಿ ಅಲಂಕಾರವಲ್ಲ, ಕಾರಣ. ಅದನ್ನು ತೆಗೆದರೆ ಕಥೆಯೇ ಕುಸಿಯುತ್ತದೆ.

ಪದಪಟ್ಟಣದ ರಾಜಭೋಜನವೂ ಇಂಥದೇ. ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದಕ್ಕೆ ಇಂಗ್ಲಿಷರು ತನ್ನ ಮಾತನ್ನು ತಾನೇ ತಿನ್ನುವುದು ಎನ್ನುತ್ತಾರೆ. ಅಲ್ಲಿನ ಅತಿಥಿಗಳು ಭಾಷಣದಲ್ಲಿ ಏನನ್ನು ಹೇಳುವರೋ ಅದೇ ಅವರ ತಟ್ಟೆಗೆ ಬರುವುದು. ಬಲ್ಲವರು ಭಕ್ಷ್ಯಗಳ ಹೆಸರನ್ನು ಹೇಳಿ ಕುಳಿತುಬಿಡುತ್ತಾರೆ. ಮೈಲೋ ಮಾತ್ರ ಅರಸನನ್ನೂ ಸಭಿಕರನ್ನೂ ಸಂಬೋಧಿಸಿ ಪದ್ಧತಿಯಂತೆ ಮಾತನ್ನಾರಂಭಿಸಿ, ಆ ಒಣ ಸಂಬೋಧನೆಯನ್ನೇ ಉಣ್ಣಬೇಕಾಗುತ್ತದೆ. ಸಭೆ ಸಮಾರಂಭಗಳಿಗೆ ಒಗ್ಗಿದ ಹಿರಿಯರಿಗೆ ಈ ಪ್ರಕರಣವು ಬಾಲಕರಿಗಿಂತ ಹೆಚ್ಚಾಗಿಯೇ ರುಚಿಸೀತು. ವಿಚಾರಿಸದೆ ತೀರ್ಮಾನಕ್ಕೆ ‘ನೆಗೆಯುವ’ವರೆಲ್ಲರೂ ಬಂದು ಬೀಳುವ ದ್ವೀಪವೊಂದಿದೆ, ಅಲ್ಲಿಂದ ಹಿಂದಿರುಗಬೇಕಾದರೆ ಜ್ಞಾನಸಮುದ್ರವನ್ನು ಈಜಲೇಬೇಕು. ಹುಡುಗನು ತೊಯ್ದು ತೊಪ್ಪೆಯಾಗಿ ದಡ ಸೇರುತ್ತಾನೆ. ಜೊತೆಗಿದ್ದ ಡಂಭದ ಕೀಟವು ಅದೇ ಸಮುದ್ರವನ್ನು ಈಜಿಯೂ ಒದ್ದೆಯಾಗದೆ ಏಳುತ್ತದೆ. ಎಷ್ಟು ಓದಿದರೂ ಏನೂ ಹತ್ತದ ಪಂಡಿತನ ಮೇಲೆ ಇದಕ್ಕಿಂತ ಮಿತವಾದ ವಿಡಂಬನೆಯು ಅಪೂರ್ವ.

ಅರಸನ ಮಂತ್ರಿಗಳು ಐವರು. ಒಬ್ಬನು ಆಡಿದ ಮಾತನ್ನೇ ಉಳಿದ ನಾಲ್ವರೂ ಬೇರೆ ಬೇರೆ ಪದಗಳಿಂದ ಹೇಳುತ್ತಾರೆ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಪರ್ಯಾಯಪದಗಳ ಸಾಲು ಹೊಸದಲ್ಲ. ಆ ಸಾಲು ಮನುಷ್ಯರಾಗಿ ಎದುರು ನಿಂತು, ಒಬ್ಬರ ಮಾತನ್ನೊಬ್ಬರು ಕಸಿದುಕೊಳ್ಳುವುದು ಹೊಸದು.

ಎಲ್ಲ ಕಡೆಯೂ ಗ್ರಂಥವು ಈ ಮಟ್ಟದಲ್ಲಿಲ್ಲ. ಅಂಕಿಗಳ ಪಟ್ಟಣದಲ್ಲಿ, ಉಂಡಷ್ಟೂ ಹಸಿವು ಹೆಚ್ಚುವ ವ್ಯವಕಲನದ ಸಾರೊಂದನ್ನುಳಿದು, ಕಲ್ಪನೆ ತೆಳುವಾಗಿದೆ. ಅಜ್ಞಾನಪರ್ವತದ ದೆವ್ವಗಳಂತೂ ಹೆಸರಿನ ಚೀಟಿಯನ್ನು ಕೊರಳಿಗೆ ಕಟ್ಟಿಕೊಂಡ ದುರ್ಗುಣಗಳು. ತಾವು ಯಾರೆಂಬುದನ್ನು ತಾವೇ ವಿವರಿಸಿ ಹೋಗುತ್ತವೆ. ಅಲ್ಲಿ ಮಾತು ಮೈ ತಳೆಯುವುದಿಲ್ಲ, ನೀತಿ ವೇಷ ಹಾಕುತ್ತದೆ. ಲೂಯಿ ಕ್ಯಾರಲ್‌ನ 1865 ಮತ್ತು 1871ರ ಆಲಿಸ್ ಕಥೆಗಳಲ್ಲಿ ಈ ದೋಷವಿಲ್ಲ; ಆತನ ಬಾಲಕಿಗೆ ಯಾರೂ ಏನನ್ನೂ ಕಲಿಸಿ ಮುಗಿಸುವುದಿಲ್ಲ. ಆದರೆ ಕ್ಯಾರಲ್‌ನಲ್ಲಿ ಭಾಷೆಯು ಬಾಲಕಿಯನ್ನು ತಬ್ಬಿಬ್ಬುಗೊಳಿಸುವ ಎದುರಾಳಿ. ಜಸ್ಟರನಲ್ಲಿ ಅದು ವಾಸಕ್ಕೆ ಯೋಗ್ಯವಾದ ಊರು. ಮನೆಗೆ ಹಿಂದಿರುಗಿದ ಮೈಲೋಗೆ ಸುಂಕದಕಟ್ಟೆಯು ಮಾಯವಾದರೂ ಬೇಸರವಾಗದಿರುವುದು ಆ ಕಾರಣದಿಂದಲೇ.

ಕನ್ನಡದ ಉಪಾಧ್ಯಾಯನಿಗೆ ಇಲ್ಲಿ ಒಂದು ತೊಡಕಿದೆ. ಕುಮಾರಿಯರ ಸೆರೆಮನೆಯು ಆಕಾಶದಲ್ಲಿ ತೇಲುವ ಕೋಟೆ. ಕನ್ನಡದ ‘ಗಾಳಿಗೋಪುರ’ವು ಅದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತದೆ. ಆದರೆ ಇಂಥ ಭಾಗ್ಯ ವಿರಳ. ವ್ಯಾಕರಣದ ವಾಕ್ಯಕ್ಕೂ ನ್ಯಾಯಾಧೀಶನು ವಿಧಿಸುವ ಶಿಕ್ಷೆಗೂ ಒಂದೇ ಇಂಗ್ಲಿಷ್ ಪದವಿರುವುದರಿಂದ ಹುಟ್ಟಿದ ಹಾಸ್ಯವನ್ನು ಭಾಷಾಂತರಿಸಿದರೆ ಟಿಪ್ಪಣಿ ಉಳಿದು ನಗೆ ಹೋಗುತ್ತದೆ. ಆಲಿಸಳ ಕಥೆಯನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ರೂಪಾಂತರಿಸಿದ ನಾ. ಕಸ್ತೂರಿಯವರು ಹೆಸರಿನಲ್ಲಿಯೇ ದಾರಿಯನ್ನು ತೋರಿದ್ದಾರೆ: ಪದದಿಂದ ಪದಕ್ಕೆ ಹೋಗದೆ ಕನ್ನಡದ ಕಿವಿಗೆ ಒಪ್ಪುವ ಆಟವನ್ನೇ ಹೂಡಿದ್ದಾರೆ. ‘ಅನರ್ಥಕೋಶ’ವನ್ನು ರಚಿಸಿದವರಿಗೆ ಅದು ಸಹಜವೂ ಆಗಿತ್ತು.

ಕನ್ನಡದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಓಡಿಹೋದವನು ‘ಕಾಲಿಗೆ ಬುದ್ಧಿ ಹೇಳಿದ’ನಂತೆ; ಆ ಉಪದೇಶವನ್ನು ಎಡಗಾಲು ಒಪ್ಪಿ ಬಲಗಾಲು ವಾದಕ್ಕೆ ನಿಂತರೆ ಅವನ ಗತಿಯೇನು? ಊರಿನವರ ತಪ್ಪುಗಳನ್ನೆಲ್ಲ ‘ಹೊಟ್ಟೆಗೆ ಹಾಕಿಕೊಂಡ’ ಅಜ್ಜನ ಹೊಟ್ಟೆಯು ಎಷ್ಟು ಬೆಳೆದೀತು? ಹಗಲೆಲ್ಲ ‘ತಲೆ ತಿಂದ’ ಮಗುವಿಗೆ ರಾತ್ರಿಯ ಊಟ ಬೇಕೆ? ತರಗತಿಯಲ್ಲಿ ಇಂಥ ಒಂದು ಪ್ರಶ್ನೆಯನ್ನು ಹಾಕಿ ಉತ್ತರವನ್ನು ಮಕ್ಕಳಿಗೇ ಬಿಟ್ಟರೆ, ಮುಖ್ಯಾರ್ಥವಾವುದು, ರೂಢಿಯಾವುದು ಎಂಬ ವಿವೇಕವು ಲಕ್ಷಣಸೂತ್ರವನ್ನು ಕೇಳುವುದಕ್ಕೆ ಮೊದಲೇ ಅವರಲ್ಲಿ ಮೂಡುತ್ತದೆ. ಅದೇ ನುಡಿಗಟ್ಟುಗಳನ್ನು ಪಟ್ಟಿಮಾಡಿ, ಎದುರಿಗೆ ಅರ್ಥವನ್ನು ಬರೆಸಿ, ಪರೀಕ್ಷೆಗೆ ಇಟ್ಟರೆ ಮಕ್ಕಳು ಸೇರುವುದು ಸುಂಕದಕಟ್ಟೆಯ ಈಚೆಗೆ, ಮೈಲೋ ಮೊದಲು ಬೇಸರದಿಂದ ಕುಳಿತಿದ್ದ ಆ ಕೋಣೆಗೆ.