ಒಳಕೋಣೆಯ ಕಂಪ್ಯೂಟರು, ಪಡಸಾಲೆಯ ಹಾಡು

ಒಂದು ಕೋಣೆಯ ಕಂಪ್ಯೂಟರಿನಲ್ಲಿರುವ ಸಂಗೀತವನ್ನು ತಂತಿಯ ಹಂಗಿಲ್ಲದೆ ಇನ್ನೊಂದು ಕೋಣೆಯ ಸ್ಟೀರಿಯೊಗೆ ಕಳುಹಿಸಿ ಕೇಳುವ ರೂಢಿಯನ್ನು ಅಳೆಯುವಾಗ ಧ್ವನಿಯ ಸ್ಪಷ್ಟತೆಯನ್ನಷ್ಟೇ ಗಣನೆಗೆ ತೆಗೆದುಕೊಳ್ಳುವುದು ವಾಡಿಕೆ. ಆದರೆ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡುಗಳ ಮನೆಗಳಲ್ಲಿ ಈ ವ್ಯವಸ್ಥೆ ಗೆಲ್ಲುವುದೂ ಸೋಲುವುದೂ ಗೋಡೆಯ ದಪ್ಪ, ವಿದ್ಯುತ್ತಿನ ಹೋಗಿಬರುವಿಕೆ ಮತ್ತು ಕೇಳುವ ಹಾಡಿನ ಜಾಯಮಾನಗಳಿಂದ. ಎಲ್ಲಕ್ಕಿಂತ ಹೆಚ್ಚಾಗಿ, ಹಾಡು ಹಚ್ಚುವ ಅಧಿಕಾರ ಮನೆಯಲ್ಲಿ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದರಿಂದ.

ಈ ರೂಢಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು 1999ರಲ್ಲಿ ಮೊದಲ ಆವೃತ್ತಿ ಹೊರಬಂದ ಬ್ಲೂಟೂತ್, ಅಂದರೆ ಎರಡು ಉಪಕರಣಗಳನ್ನು ನೇರವಾಗಿ ಬೆಸೆಯುವ ಅಲ್ಪದೂರದ ರೇಡಿಯೊ ಸಂಪರ್ಕ. ಮನೆಬಳಕೆಯ ಉಪಕರಣಗಳಲ್ಲಿ ಅದರ ವ್ಯಾಪ್ತಿ ಸಾಮಾನ್ಯವಾಗಿ 10 ಮೀಟರಿನ ಆಸುಪಾಸು. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೊಬಿಟ್‌ಗಳಷ್ಟಿರುವ ಧ್ವನಿಮಾಹಿತಿಯನ್ನು ಅದು ಎಸ್‌ಬಿಸಿ ಎಂಬ ಸಂಕೋಚನ ವಿಧಾನದಿಂದ ಸಾಮಾನ್ಯವಾಗಿ ಹೆಚ್ಚೆಂದರೆ 328 ಕಿಲೊಬಿಟ್‌ಗಳ ಸುಮಾರಿಗೆ ಇಳಿಸಿ ಕಳುಹಿಸುವುದರಿಂದ ಸೂಕ್ಷ್ಮಾಂಶಗಳು ಕೆಲಮಟ್ಟಿಗೆ ಕಳೆದುಹೋಗುತ್ತವೆ. ಎರಡನೆಯದಾದ ವೈಫೈಯಲ್ಲಿ ಕಂಪ್ಯೂಟರು ಹಾಡನ್ನು ಮನೆಯ ರೌಟರಿಗೆ ಒಪ್ಪಿಸುತ್ತದೆ, ರೌಟರು ಅದನ್ನು ಸ್ಟೀರಿಯೊದ ಬೆನ್ನಿಗೆ ಜೋಡಿಸಿದ ಪುಟ್ಟ ಪೆಟ್ಟಿಗೆಗೆ ಮುಟ್ಟಿಸುತ್ತದೆ, ಆ ಪೆಟ್ಟಿಗೆ ಅಂಕಿಗಳನ್ನು ಮತ್ತೆ ವಿದ್ಯುತ್ ಅಲೆಯಾಗಿಸಿ ಆಂಪ್ಲಿಫೈಯರಿಗೆ ಕೊಡುತ್ತದೆ. ಇಲ್ಲಿ ಸಂಕೋಚನವಿಲ್ಲದ ಧ್ವನಿಗೂ ಬೇಕಾದಷ್ಟು ಎಡೆಯಿದೆ; ಮುಂದಿನ ಕೆಲವು ಕ್ಷಣಗಳ ಹಾಡನ್ನು ಮೊದಲೇ ತುಂಬಿಟ್ಟುಕೊಳ್ಳುವ ಬಫರ್ ಎಂಬ ಏರ್ಪಾಡು ಇರುವುದರಿಂದ ಸಂಪರ್ಕ ತುಸು ಕುಂದಿದರೂ ಹಾಡು ತುಂಡಾಗುವುದಿಲ್ಲ.

ಆದರೆ ಅಲೆ ಗೋಡೆಯನ್ನು ದಾಟಬೇಕು. ಈ ಸೀಮೆಯ ಹಳೆಯ ಮಾಳಿಗೆ ಮನೆಗಳು, ಅಂದರೆ ತೊಲೆ-ಜಂತೆಗಳ ಮೇಲೆ ಮಣ್ಣು ಹೊದಿಸಿದ ಸಮತಟ್ಟು ಸೂರಿನ ಮನೆಗಳು, ಬಿಸಿಲನ್ನು ಹೊರಗೇ ನಿಲ್ಲಿಸುವ ಕಲ್ಲು-ಮಣ್ಣಿನ ದಪ್ಪ ಗೋಡೆಗಳುಳ್ಳವು; ಕಾವನ್ನು ತಡೆಯುವ ಆ ಗೋಡೆಯೇ ರೇಡಿಯೊ ಅಲೆಯನ್ನೂ ನುಂಗುತ್ತದೆ, ಮಳೆಗೆ ತೇವ ಹಿಡಿದಾಗ ಇನ್ನಷ್ಟು ನುಂಗುತ್ತದೆ. ಬಳ್ಳಾರಿ ನಗರದ ಹೊಸ ಬಡಾವಣೆಗಳಲ್ಲಿ ಗೋಡೆ ತೆಳುವಾದರೂ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು ಅಡ್ಡಬರುತ್ತವೆ. ಅಲ್ಲದೆ ಬ್ಲೂಟೂತ್ ಮತ್ತು ವೈಫೈ ಎರಡೂ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ ಭಾರತದಲ್ಲಿ 2005ರಿಂದ ಪರವಾನಗಿಯ ಅಗತ್ಯವಿಲ್ಲವಾದ್ದರಿಂದ, ಒತ್ತೊತ್ತಾದ ಮನೆಗಳಲ್ಲಿ ನೆರೆಯವರ ರೌಟರುಗಳೆಲ್ಲ ಅದೇ ಪಟ್ಟಿಯಲ್ಲಿ ನೂಕಾಡುತ್ತವೆ. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಆ ಗದ್ದಲ ಕಡಿಮೆ, ಆದರೆ ಗೋಡೆ ದಾಟುವ ಕಸುವೂ ಕಡಿಮೆ. ಆದ್ದರಿಂದ ಬ್ಲೂಟೂತನ್ನು ಒಂದೇ ಕೋಣೆಯ ಮಟ್ಟಿಗೆ ನಂಬುವುದು ಲೇಸು. ಮಾಳಿಗೆ ಮನೆಯಲ್ಲಾದರೆ ಪಡಸಾಲೆಯವರೆಗೆ ಒಂದು ಕೇಬಲ್ ಎಳೆದು ಅಲ್ಲಿ ಎರಡನೆಯ ವೈಫೈ ರೌಟರು ಇಡುವುದೇ ಸರಿಯಾದ ಪರಿಹಾರ. ತಂತಿಯಿಲ್ಲದ ವ್ಯವಸ್ಥೆಗೆ ತಂತಿ ಬೇಕಾದದ್ದು ಅದರ ಸೋಲಲ್ಲ, ಗೋಡೆಗೆ ಸಲ್ಲಿಸುವ ಕಪ್ಪ.

ಸಂಕೋಚನವಿಲ್ಲದ ಧ್ವನಿಯ ಹಿರಿಮೆಯನ್ನೂ ಅದರ ಮಿತಿಯಲ್ಲಿಟ್ಟೇ ನೋಡಬೇಕಾಗುತ್ತದೆ. ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಬೇಸಿಗೆಯಲ್ಲಿ ಕೂಲರಿನ ಮೊರೆತ ಎಡೆಬಿಡದೆ ತುಂಬಿರುವ ಕೋಣೆಯೊಳಗೆ ಎರಡು ಬಗೆಯ ಧ್ವನಿಗಳ ಸೂಕ್ಷ್ಮ ಅಂತರ ಕಿವಿಗೆ ಸಿಗುವುದು ಕಷ್ಟ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡ ಹಳೆಯ ಧ್ವನಿಮುದ್ರಣವಾದರೆ ಟೇಪಿನ ಸುಯ್ಯೆಂಬ ಸದ್ದೂ ಮಸುಕಾದ ತಾರಧ್ವನಿಯೂ ಯಾವ ದಾರಿಯಲ್ಲಿ ಕಳುಹಿಸಿದರೂ ಹಾಗೆಯೇ ಬಂದು ತಲುಪುತ್ತವೆ.

ಇಲ್ಲಿನ ಕೇಳ್ಮೆಗೆ ಸ್ಪಷ್ಟತೆಗಿಂತಲೂ ಎಡೆಬಿಡದಿರುವಿಕೆಯೇ ಮುಖ್ಯ. ಸುಭದ್ರಮ್ಮ ಮನ್ಸೂರ್ ಅವರಂಥ ಕಲಾವಿದೆಯರು ಬೆಳೆಸಿದ ರಂಗಗೀತೆ, ಏರುಸ್ವರದಲ್ಲಿ ಉಸಿರು ಹಿಡಿದು ನಿಲ್ಲಿಸುವ ಎಳೆತವನ್ನೇ ನೆಚ್ಚಿದ್ದು. ಅಲ್ಲಿ ಅರೆಕ್ಷಣ ಧ್ವನಿ ಕಡಿದರೂ ರಸಭಂಗ. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು 2014ರಲ್ಲಿ ತೀರಿಕೊಳ್ಳುವವರೆಗೂ ಉಳಿಸಿಕೊಂಡು ಬಂದ ಬುರ್ರಕಥೆ, ಹಾಡು-ಮಾತುಗಳು ಒಂದಕ್ಕೊಂದು ಹೆಣೆದುಕೊಂಡು ತಾಸುಗಟ್ಟಲೆ ಸಾಗುವ ಪ್ರಕಾರ. ಒಂದು ಮಗ್ಗುಲಿಗೆ 30 ನಿಮಿಷ ಹಿಡಿಯುವ ಸಿ-60 ಕ್ಯಾಸೆಟ್ಟು ಅಂಥ ಕಥನವನ್ನು ತುಂಡರಿಸದೆ ಇರಲಾರದು. ಕಂಪ್ಯೂಟರಿನಲ್ಲಿ ಅದನ್ನು ಹಲವು ಕಡತಗಳಾಗಿ ಇಟ್ಟರೆ, ಒಂದು ಕಡತ ಮುಗಿದು ಇನ್ನೊಂದು ಮೊದಲಾಗುವ ನಡುವೆ ಅನೇಕ ವೈಫೈ ಪೆಟ್ಟಿಗೆಗಳು ತುಸು ಮೌನವನ್ನು ಸೇರಿಸುತ್ತವೆ. ತುಣುಕುಗಳನ್ನು ಬೆಸೆದು ಒಂದೇ ಕಡತವಾಗಿಸುವುದರಿಂದ ಈ ಕೊರತೆ ನೀಗುತ್ತದೆ. ಹಾಡಿಗೆ ವರವಾದ ಬಫರು ನಾಟಕದ ವಿಡಿಯೊಗೆ ಮಾತ್ರ ತೊಡಕು: ಪರದೆಯ ಮೇಲೆ ನಟನ ತುಟಿ ಆಡಿದ ಮೇಲೆ ಪಡಸಾಲೆಯ ಸ್ಪೀಕರು ಮಾತಾಡುವುದನ್ನು ನಟ ಬಳ್ಳಾರಿ ರಾಘವರ ಊರು ಸಹಿಸುವುದು ಹೇಗೆ? ಇನ್ನು ಕರೆಂಟು ಹೋದಾಗ ರೌಟರು, ಪೆಟ್ಟಿಗೆ, ಸ್ಟೀರಿಯೊ ಮೂರೂ ಒಟ್ಟಿಗೆ ಮೂಕವಾಗುತ್ತವೆ. ಫೋನಿಗೆ ಬೆಸೆದ, ಚಾರ್ಜ್ ಮಾಡಿಟ್ಟ ಸಾಧಾರಣ ಬ್ಲೂಟೂತ್ ಸ್ಪೀಕರು ಮಾತ್ರ ಹಾಡುತ್ತಲೇ ಇರುತ್ತದೆ.

ಈ ರೂಢಿಯ ನಿಜವಾದ ದೌರ್ಬಲ್ಯವಿರುವುದು ಹಿಡಿತದ ವಿಷಯದಲ್ಲಿ. ರೇಡಿಯೊದ ಗುಂಡಿಯನ್ನಾಗಲಿ ಟೇಪ್‌ರೆಕಾರ್ಡರಿನ ಕೀಲಿಯನ್ನಾಗಲಿ ಮನೆಯ ಯಾರು ಬೇಕಾದರೂ ಒತ್ತಬಹುದಿತ್ತು. ಈಗ ಸ್ಟೀರಿಯೊ ಎಲ್ಲರ ಕಣ್ಣೆದುರಿಗೇ ಇದ್ದರೂ ಹಾಡು ಹೊರಡಬೇಕಾದರೆ ಒಬ್ಬರ ಫೋನು ಇಲ್ಲವೆ ಪಾಸ್‌ವರ್ಡು ಬೇಕು. ಜೊತೆಗೆ ಉಪಕರಣದ ಆಯುಷ್ಯವೂ ತಯಾರಕರ ಮರ್ಜಿಗೆ ಬಿಟ್ಟದ್ದು: ಹಳೆಯ ಸ್ಟೀರಿಯೊಗಳಿಗೆ ಅಗ್ಗದಲ್ಲಿ ವೈಫೈ ಒದಗಿಸಿದ ಕ್ರೋಮ್‌ಕಾಸ್ಟ್ ಆಡಿಯೊ 2015ರಲ್ಲಿ ಬಂತು, 2019ರ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಸ್ಕ್ವೀಜ್‌ಬಾಕ್ಸ್ ಎಂಬ ಇಂಥದೇ ಸಾಧನಗಳ ಮಾರಾಟ ನಿಂತು ವರ್ಷಗಳೇ ಆದರೂ ಅವುಗಳ ಮುಕ್ತ ತಂತ್ರಾಂಶ ಇಂದಿಗೂ ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಮೇಲೆ ನಡೆಯುತ್ತಿರುವುದು, ಮುಕ್ತವಾದುದನ್ನು ಆಯ್ದುಕೊಳ್ಳುವುದೇ ವಿವೇಕವೆಂಬುದಕ್ಕೆ ಸಾಕ್ಷಿ. ಅಂಥ ವ್ಯವಸ್ಥೆಗೆ ಒಂದು ಗುಂಡಿಯನ್ನೋ ರಿಮೋಟನ್ನೋ ಜೋಡಿಸಿ ಪಡಸಾಲೆಯಲ್ಲೇ ಇಡುವುದು ಸಾಧ್ಯ, ಇಡುವುದು ಅಗತ್ಯ ಕೂಡ. ಈ ರೂಢಿಯ ಯೋಗ್ಯತೆಯನ್ನು ಕಿಲೊಬಿಟ್‌ಗಳ ಲೆಕ್ಕದಿಂದ ತೀರ್ಮಾನಿಸುವ ಮೊದಲು, ಅದನ್ನು ಜೋಡಿಸಿದವನು ಊರಲ್ಲಿಲ್ಲದ ದಿನವೂ ಪಡಸಾಲೆಯಿಂದ ಹಾಡು ಕೇಳಿಬರುತ್ತದೆಯೇ ಎಂದು ನೋಡಬೇಕು.