ಗಾಥಿಕ್ ಕಮಾನು, ಕನ್ನಡ ಆರಾಧನೆ

ಬೆಂಗಳೂರಿನ ಹಡ್ಸನ್ ಸ್ಮಾರಕ ದೇವಾಲಯವನ್ನು ಕುರಿತ ಮಾತು ಬಹುಮಟ್ಟಿಗೆ ಎರಡು ಬಗೆಯದು. 1904ರ ಆ ಕಲ್ಲಿನ ಕಟ್ಟಡದ ಮೊನಚು ಕಮಾನುಗಳನ್ನೂ ಬಣ್ಣದ ಗಾಜನ್ನೂ ಕೆಲವರು ಕೊಂಡಾಡುತ್ತಾರೆ. ಇಂಗ್ಲೆಂಡಿನ ಹಳ್ಳಿಯ ಚರ್ಚನ್ನು ತಂದು ಕನ್ನಡ ನೆಲದಲ್ಲಿ ನೆಟ್ಟರೆಂದು ಕೆಲವರು ಹಳಿಯುತ್ತಾರೆ. ಎರಡೂ ಹೊರಮೈಯಲ್ಲಿಯೇ ನಿಲ್ಲುತ್ತವೆ. ಕಟ್ಟಡವು ತನ್ನೊಳಗೆ ಆರಾಧಿಸುವ ಸಭೆಯನ್ನು ಹೇಗೆ ರೂಪಿಸುತ್ತದೆ ಎಂಬ ದೇವಶಾಸ್ತ್ರದ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ.

ಗಾಥಿಕ್ ಕೇವಲ ಅಲಂಕಾರವಲ್ಲ. ಮಧ್ಯಯುಗದ ಇಂಗ್ಲೆಂಡಿನ ಊರಚರ್ಚು ಎರಡು ಪಾಲಾಗಿತ್ತು: ಜನರು ನೆರೆಯುವ ಉದ್ದನೆಯ 'ನೇವ್', ಅದರ ಪೂರ್ವಕ್ಕೆ ಬಲಿಪೀಠವಿರುವ 'ಚಾನ್ಸೆಲ್'. ಇವೆರಡರ ನಡುವೆ ಶಿಲುಬೆಯನ್ನು ಹೊತ್ತ ತಡಿಕೆ. ನೇವಿನ ದುರಸ್ತಿ ಊರವರ ಹೊಣೆ, ಚಾನ್ಸೆಲಿನದು ಪಾದ್ರಿಯ ಹೊಣೆ. ಮಾಡು ಸೋರಿದರೂ ಈ ಭೇದ ತಪ್ಪುತ್ತಿರಲಿಲ್ಲ! ಮತಸುಧಾರಣೆಯ ಕಾಲದಲ್ಲಿ ತಡಿಕೆಯ ಮೇಲಿನ ಶಿಲುಬೆಗಳು ಇಳಿದವು. ಆದರೆ 19ನೆಯ ಶತಮಾನದಲ್ಲಿ ಪ್ಯೂಜಿನ್ ಮತ್ತು 1839ರಲ್ಲಿ ಹುಟ್ಟಿದ ಕೇಂಬ್ರಿಡ್ಜ್ ಕ್ಯಾಮ್ಡನ್ ಸಂಘದವರು ಆಳವಾದ ಚಾನ್ಸೆಲನ್ನು ಮತ್ತೆ ಪುರಸ್ಕರಿಸಿದರು.

ವೆಸ್ಲಿಯನರು ಈ ಹಾದಿ ಹಿಡಿದದ್ದು ವಿಚಿತ್ರ. ಜಾನ್ ವೆಸ್ಲಿ ಬೋಧನಾಮಂದಿರಗಳಿಗೆ ಒಪ್ಪಿದ್ದು ಎಂಟು ಮೂಲೆಯ ಆಕಾರವನ್ನು. ಅದರಲ್ಲಿ ಜನರು ಬೋಧಕನ ಸುತ್ತ ನೆರೆಯಬಹುದು. 1850ರಲ್ಲಿ ಪ್ರಕಟವಾದ ಜಾಬ್ಸನರ ಗ್ರಂಥ ಗಾಥಿಕ್ ಶೈಲಿಯನ್ನು ಎತ್ತಿಹಿಡಿಯಿತು. ಕನ್ನಡ ನಾಡಿನ ವಿದ್ಯಾಪ್ರಸಾರಕ್ಕೆ ದುಡಿದ ಮಿಷನರಿ ಜೋಸಾಯ ಹಡ್ಸನರ ನೆನಪಿಗೆ ಕೊನೆಗೆ ಒದಗಿದ್ದು ಆ ಶೈಲಿಯೇ.

ಆದರೂ ಇದನ್ನು ಪೂರ್ತಿ ಪರಕೀಯವೆನ್ನುವುದು ಅವಸರದ ತೀರ್ಪು. ನವರಂಗವನ್ನು ದಾಟಿ, ಸುಕನಾಸಿಯ ಆಚೆ, ಮಬ್ಬಿನಲ್ಲಿ ಗರ್ಭಗುಡಿಯನ್ನು ಕಂಡ ಕನ್ನಡದ ಕಣ್ಣಿಗೆ ಚಾನ್ಸೆಲಿನ ದೂರ ಹೊಸದೇನಲ್ಲ. ನನ್ನ ಆತಂಕವಿರುವುದು ಇಲ್ಲಿಯೇ. ಕಮಾನನ್ನು ಕಿತ್ತು ಕಲಶವನ್ನಿಟ್ಟರೆ ದೇಶೀಕರಣವಾಯಿತೆಂದು ನಂಬುವವರು, ಅದೇ ದೂರವನ್ನು ಬೇರೆ ವೇಷದಲ್ಲಿ ಉಳಿಸಿಕೊಳ್ಳುತ್ತಾರೆ. ಮುಟ್ಟಬಾರದ ಹೊಸ್ತಿಲ ನೆನಪನ್ನು ಹೊತ್ತು ಸಭೆಗೆ ಬಂದವರ ಮಕ್ಕಳಿಗೆ ಈ ದೂರ ಬರಿಯ ಶಿಲ್ಪದ ವಿಷಯವಲ್ಲ.

1950ರಲ್ಲಿ ದಕ್ಷಿಣ ಭಾರತ ಸಭೆಯು ಕರ್ತನ ಭೋಜನದ ಕ್ರಮವನ್ನು ಹೊರತಂದಾಗ, ಸಭಾಪಾಲಕನು ಮೇಜಿನ ಹಿಂದೆ ಜನರಿಗೆ ಅಭಿಮುಖನಾಗಿ ನಿಂತನು. ಸಮಾಧಾನದ ವಂದನೆ ಕೈಯಿಂದ ಕೈಗೆ ಸಾಗಿತು. ಗೋಡೆಯ ಒಂದು ಕಲ್ಲನ್ನೂ ಅಲುಗಿಸದೆ ಮಧ್ಯಯುಗದ ವಿನ್ಯಾಸದ ತರ್ಕವನ್ನು ಮುರಿದದ್ದು ಈ ಕ್ರಮ. ಹಡ್ಸನ್ ದೇವಾಲಯದಂಥ ಕಟ್ಟಡಗಳನ್ನು ಅಳೆಯಬೇಕಾದ್ದು ಇದರಿಂದಲೇ.

ಯಲಹಂಕ, ಹೆಬ್ಬಾಳಗಳಂಥ ಬೆಳೆಯುತ್ತಿರುವ ಬಡಾವಣೆಗಳಲ್ಲಿ ಸೇವೆಗೆ ಹೋಗುವ ನಮ್ಮ ವಿದ್ಯಾರ್ಥಿಗಳು ನಾಳೆ ಕಟ್ಟಡ ಸಮಿತಿಗಳಲ್ಲಿ ಕುಳಿತುಕೊಳ್ಳುವರು. ಅಲ್ಲಿ ಗೋಪುರದ ಎತ್ತರದ ಚರ್ಚೆಗೆ ಮುನ್ನ ಮೇಜು ಎಲ್ಲಿ ನಿಲ್ಲುವುದು, ಅದರ ಮುಂದೆ ಎಷ್ಟು ಮೆಟ್ಟಿಲು, ಊರುಗೋಲು ಹಿಡಿದ ಮುದುಕಿ ಅಲ್ಲಿಗೆ ತಲುಪುವಳೇ ಎಂಬುದನ್ನು ನಕ್ಷೆಯ ಮೇಲೆ ಬೆರಳಿಟ್ಟು ಕೇಳಲಿ.